ಗುರುಮಠಕಲ್ ಖರ್ಗೆಯವರನ್ನು ಎಂಟು ಸಲ ಗೆಲ್ಲಿಸಿತು. ಹೇಗೆ? ಅದರಿಂದ ಊರಿಗೆ ಬಂದದ್ದೇನು?

ಬಿಸಿಲೂರಿನವ

ಮೊನ್ನೆ ಆಫೀಸಿನಲ್ಲಿ ಊಟಕ್ಕೆ ಕೂತಾಗ ಮಲ್ಲಿಕಾರ್ಜುನ ಖರ್ಗೆಯವರ ಮಾತು ಬಂತು. ನಮ್ಮ ಟೀಮಿನ ಹುಡುಗರಿಗೆ ಅವರು ಅಂದರೆ ದೆಹಲಿಯ ಹಿರಿಯರು, ಅಷ್ಟೇ. ರಾಜ್ಯಸಭೆಯಲ್ಲಿ ಎದ್ದು ನಿಂತು ಮಾತಾಡುವವರು, ಎಐಸಿಸಿ ಅಧ್ಯಕ್ಷರು, ಅಂದರೆ ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರು. "ಅವರು ಮೊದಲು ಎಂಎಲ್‌ಎ ಆಗಿದ್ದರಾ?" ಅಂತ ಒಬ್ಬ ಕೇಳಿದ. ನನಗೆ ಅನ್ನ ಗಂಟಲಲ್ಲೇ ನಿಂತಿತು.

ನಮ್ಮೂರು ಈಗಿನ ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ. ನಮ್ಮಪ್ಪ ಮೊದಲ ಸಲ ಓಟು ಹಾಕಿದ್ದು 1978ರಲ್ಲಿ. ನಾನು ಮೊದಲ ಸಲ ಹಾಕಿದ್ದು 2004ರಲ್ಲಿ. ಎರಡೂ ಸಲ ಗೆದ್ದವರು ಅವರೇ. 1972, 1978, 1983, 1985, 1989, 1994, 1999, 2004. ಒಂದೇ ಕ್ಷೇತ್ರ, ಎಂಟು ಚುನಾವಣೆ, ಒಂದೂ ಸೋಲಿಲ್ಲ. ನಮ್ಮ ಕಡೆ ಮಕ್ಕಳಿಗೆ "ನಿಮ್ಮ ಶಾಸಕರು ಯಾರು?" ಅನ್ನೋದು ಪರೀಕ್ಷೆಯಲ್ಲಿ ಅತಿ ಸುಲಭದ ಪ್ರಶ್ನೆ ಆಗಿತ್ತು. ಅಪ್ಪನ ನೋಟ್‌ಬುಕ್ ನೋಡಿ ಬರೆದರೂ ಉತ್ತರ ಸರಿ.

ನನಗೆ ಕೇಳಬೇಕಾದ್ದು ಎರಡು. ಹೀಗೆ ಮೂವತ್ತಾರು ವರ್ಷ ಹೇಗೆ ನಡೆಯುತ್ತದೆ? ಮತ್ತು ಇಷ್ಟು ವರ್ಷ ಗೆಲ್ಲಿಸಿದ ಊರಿಗೆ ಏನು ಸಿಕ್ಕಿತು? ನಮ್ಮ ಮನೆಯಲ್ಲೇ ಇದಕ್ಕೆ ಎರಡು ಪಾರ್ಟಿ. ಅಜ್ಜಿಯದ್ದು ಒಂದು, ಕಾಕಾನದ್ದು ಇನ್ನೊಂದು. ಹಬ್ಬಕ್ಕೆ ಹೋದರೆ ಹೋಳಿಗೆಗಿಂತ ಈ ಜಗಳವೇ ಜಾಸ್ತಿ ಬಡಿಸುತ್ತಾರೆ.

ಅಂಕಿ ಹುಚ್ಚ

ಮೊದಲು ಒಂದು ತಿದ್ದುಪಡಿ ಹಾಕಿಬಿಡುತ್ತೇನೆ. ಈಗ ಯಾರಾದರೂ ಬಂದು "ಹತ್ತು ಸಲ ಶಾಸಕ" ಅಂತ ಬರೆಯುತ್ತಾರೆ. ತಪ್ಪು. ಗುರುಮಠಕಲ್‌ನಿಂದ ಎಂಟು, 2008ರಲ್ಲಿ ಚಿತ್ತಾಪುರದಿಂದ ಒಂದು, ಒಟ್ಟು ಒಂಬತ್ತು ಸಲ ಶಾಸಕರು. ಹತ್ತನೆಯ ಗೆಲುವು 2009ರ ಗುಲ್ಬರ್ಗ ಲೋಕಸಭೆಯದ್ದು. ಹನ್ನೊಂದನೆಯದು 2014. ಸತತ ಹನ್ನೊಂದು. 2019ರಲ್ಲಿ ಮೊದಲ ಸೋಲು.

ಇನ್ನು "ಹೇಗೆ" ಅನ್ನೋದಕ್ಕೆ. ಕಾಂಗ್ರೆಸ್ ಅಲೆಯಲ್ಲಿ ತೇಲಿ ಬಂದರು ಅಂತ ಸುಮ್ನೆ ಹೇಳಿಬಿಡಬಹುದು. 1972ಕ್ಕೆ ಅದು ಸರಿ. ಇಂದಿರಾ ಗಾಂಧಿ ಹೆಸರಲ್ಲಿ ಯಾರು ನಿಂತರೂ ಗೆಲ್ಲುವ ಕಾಲ. 1989ಕ್ಕೂ ಸರಿ, ಆಗ ಕಾಂಗ್ರೆಸ್‌ಗೆ 178 ಸೀಟು. ಆದರೆ ಉಳಿದದ್ದು ನೋಡಿ. 1983ರಲ್ಲಿ ಜನತಾ ಪಕ್ಷ ಮೇಲೆ ಬಂತು, ಕಾಂಗ್ರೆಸ್ 82ಕ್ಕೆ ಇಳಿಯಿತು. ಖರ್ಗೆ ಗೆದ್ದರು. 1985ರಲ್ಲಿ ಹೆಗಡೆ ಅಲೆ, ಕಾಂಗ್ರೆಸ್‌ಗೆ 65. ಖರ್ಗೆ ಗೆದ್ದರು. 1994ರಲ್ಲಿ 224ರಲ್ಲಿ ಕಾಂಗ್ರೆಸ್‌ಗೆ ದಕ್ಕಿದ್ದು 34. ಆ ಮೂವತ್ನಾಲ್ಕರಲ್ಲೂ ಇವರಿದ್ದರು. ದೊಡ್ಡ ದೊಡ್ಡ ಮಂತ್ರಿಗಳು ಮನೆಗೆ ಹೋದ ವರ್ಷ ಅದು.

ಹಾಗಾಗಿ ಅಲೆ ಅನ್ನೋದು ಅರ್ಧ ಉತ್ತರ ಮಾತ್ರ.

ಸುಮ್ನೆ ಓದುವವಳು

"ಸೋಲಿಲ್ಲದ ಸರದಾರ" ಅಂತ ಪೇಪರಿನಲ್ಲಿ ಬರೆಯುತ್ತಿದ್ದದ್ದು ಇವರಿಗೇ ಅಲ್ವಾ? ನಾನು ಧರಂ ಸಿಂಗ್ ಅಂದುಕೊಂಡಿದ್ದೆ.

ಅಂಕಿ ಹುಚ್ಚ

ಇವರಿಗೇ. ಆದರೆ ನಿಮ್ಮ ಗೊಂದಲಕ್ಕೆ ಕಾರಣ ಇದೆ ಅಕ್ಕಾ. ಇಬ್ಬರೂ ಜೋಡಿ. 1972ರಲ್ಲಿ ಇವರು ಗುರುಮಠಕಲ್, ಅವರು ಜೇವರ್ಗಿ. ಆಗ ಇಬ್ಬರೂ ಒಂದೇ ಗುಲ್ಬರ್ಗ ಜಿಲ್ಲೆ, ಒಂದೇ ಪಕ್ಷ. ಗುಲ್ಬರ್ಗದಲ್ಲಿ ಲವ-ಕುಶ ಅನ್ನುತ್ತಿದ್ದರು. ಧರಂ ಸಿಂಗ್ 2004ರಲ್ಲಿ ಮುಖ್ಯಮಂತ್ರಿ ಆದರು. 2008ರಲ್ಲಿ ಅದೇ ಜೇವರ್ಗಿಯಲ್ಲಿ ಸೋತರು. ಎಷ್ಟು ಮತದಿಂದ ಗೊತ್ತಾ? 70.

ತೊಗರಿ ಕಣಜ

ಯಾರೂ ಹೇಳದ ಮಾತು ನಾನೇ ಹೇಳುತ್ತೇನೆ. ಗುರುಮಠಕಲ್ ಆಗ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರ. ಮೀಸಲು ಕ್ಷೇತ್ರದಲ್ಲಿ ಎದುರಾಳಿ ಬೆಳೆಯುವುದೇ ಕಷ್ಟ. ಊರಿನ ಗೌಡರು, ಸಾಹುಕಾರರು ತಾವೇ ನಿಲ್ಲುವ ಹಾಗಿಲ್ಲ. ಅವರಿಗೆ ಬೇಕಾದ್ದು ಕೆಲಸ ಮಾಡಿಕೊಡುವ ಒಬ್ಬ ಶಾಸಕ. ಅಂಥವರು ಒಮ್ಮೆ ಸಿಕ್ಕರೆ ಯಾಕೆ ಬದಲಾಯಿಸುತ್ತಾರೆ? ಇದನ್ನು ಸಾಧನೆ ಅಂತ ಕೊಂಡಾಡುವ ಮುಂಚೆ ಸ್ವಲ್ಪ ಯೋಚನೆ ಮಾಡಿ.

ಬಿಸಿಲೂರಿನವ

ಅಣ್ಣಾ, ನಿಮ್ಮ ಮಾತಿನಲ್ಲಿ ಹುರುಳಿದೆ, ಆದರೆ ತಿರುಗಿಸಿ ನೋಡಿ. ಮೀಸಲು ಕ್ಷೇತ್ರ ಅಂದರೆ ಅಭ್ಯರ್ಥಿ ಮಾತ್ರ ದಲಿತರು, ಓಟು ಹಾಕುವವರು ಎಲ್ಲರೂ. ನಮ್ಮ ಕಡೆ ಕಬ್ಬಲಿಗರು ಜಾಸ್ತಿ. ಲಿಂಗಾಯತರಿದ್ದಾರೆ, ಮುಸ್ಲಿಮರಿದ್ದಾರೆ, ಕುರುಬರು, ಲಂಬಾಣಿ ತಾಂಡಾಗಳಿವೆ. ಗಡಿ ಆಚೆಗೆ ತೆಲಂಗಾಣ, ಹಾಗಾಗಿ ಮನೆಮಾತು ತೆಲುಗು ಆದವರೂ ಬಹಳ. ತನ್ನ ಜಾತಿಯ ಓಟು ಮಾತ್ರ ನಂಬಿಕೊಂಡರೆ ಯಾರೂ ಗೆಲ್ಲುವುದಿಲ್ಲ. ಹಾಗೆ ನೋಡಿದರೆ ಮೀಸಲು ಕ್ಷೇತ್ರದ ಶಾಸಕ ಎಲ್ಲರ ಮನೆಯ ಬಾಗಿಲಿಗೂ ಹೋಗಲೇಬೇಕು.

ಎದುರಾಳಿ ಇರಲೇ ಇಲ್ಲ ಅನ್ನೋದೂ ಅಷ್ಟು ಸರಿ ಅಲ್ಲ. ಇಡೀ ರಾಜ್ಯದಲ್ಲಿ ಮೀಸಲು ಕ್ಷೇತ್ರಗಳು ಹತ್ತಾರಿವೆ. ಎಷ್ಟು ಕಡೆ ಒಬ್ಬರೇ ಎಂಟು ಸಲ ಗೆದ್ದಿದ್ದಾರೆ?

ನಿವೃತ್ತ ಮಾಸ್ತರ

ನಾನು ಆ ಭಾಗದಲ್ಲಿ ಹಲವು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡಿದವನು. ಎಲೆಕ್ಷನ್ ಡ್ಯೂಟಿ ಅನ್ನೋದು ನಮಗೆ ಹಣೆಬರಹ. 1989ರದ್ದು ಚೆನ್ನಾಗಿ ನೆನಪಿದೆ. ಹೇಳುತ್ತೇನೆ, ಯಾಕೆಂದರೆ ಇಲ್ಲಿ ಮೆಷಿನ್ ಕಾಲದವರೇ ಜಾಸ್ತಿ ಇದ್ದೀರಿ.

ಆ ಸಲ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಮತದಾನ. ಹದಿನೆಂಟು ತುಂಬಿದವರಿಗೂ ಓಟು ಸಿಕ್ಕ ಮೊದಲ ಚುನಾವಣೆಯೂ ಅದೇ. ಮುಂಚೆ ಇಪ್ಪತ್ತೊಂದು ಆಗಬೇಕಿತ್ತು. ಹಿಂದಿನ ದಿನ ಲಾರಿ ಹತ್ತಿ ಹೋದೆವು. ಕಬ್ಬಿಣದ ಪೆಟ್ಟಿಗೆ, ಅರಗು, ದಾರ, ಮೇಣದಬತ್ತಿ, ಶಾಯಿ ಶೀಸೆ, ಬಾಣದ ಗುರುತಿನ ರಬ್ಬರ್ ಸ್ಟಾಂಪು. ಎಲ್ಲ ಎಣಿಸಿ ತೆಗೆದುಕೊಳ್ಳಬೇಕು, ಎಣಿಸಿ ವಾಪಸ್ ಕೊಡಬೇಕು. ಶಾಲೆಯ ಕೋಣೆಯಲ್ಲೇ ಮಲಗಿದೆವು. ಊರಿನವರು ಜೋಳದ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟರು. ಯಾವ ಪಾರ್ಟಿಯವರ ಮನೆಯದ್ದು ಅಂತ ಕೇಳಬೇಕಿತ್ತು. ಹಸಿವಾಗಿತ್ತು, ಕೇಳಲಿಲ್ಲ.

ಬೆಳಗ್ಗೆ ಖಾಲಿ ಪೆಟ್ಟಿಗೆಯನ್ನು ಏಜೆಂಟರಿಗೆಲ್ಲ ತೋರಿಸಿ ಸೀಲು ಹಾಕಿದೆವು. ಎರಡು ಮತಪತ್ರ, ಎರಡು ಬಣ್ಣ. ಜನರಿಗೆ ಅದೇ ದೊಡ್ಡ ಗೊಂದಲ. ಅಜ್ಜಿಯರು ಎರಡೂ ಚೀಟಿ ಕೈಯಲ್ಲಿ ಹಿಡಿದು "ಖರ್ಗೆದು ಯಾವುದಪ್ಪ?" ಅಂತ ನನ್ನನ್ನೇ ಕೇಳುತ್ತಿದ್ದರು. ನಾನು ಹೇಳುವ ಹಾಗಿಲ್ಲ. "ಒಳಗೆ ಹೋಗಿ ನಿಮಗೆ ಬೇಕಾದ ಗುರುತಿಗೆ ಒತ್ತಿರಿ" ಅಂತಷ್ಟೇ ಹೇಳಬೇಕು. ಗಮನಿಸಿ, ಅವರು ಕೇಳಿದ್ದು "ಕಾಂಗ್ರೆಸ್‌ದು ಯಾವುದು" ಅಂತ ಅಲ್ಲ.

ಇನ್ನೊಂದು ವಿಷಯ. ಆಗ ಎಣಿಕೆಗೆ ಮೊದಲು ಬೇರೆ ಬೇರೆ ಪೆಟ್ಟಿಗೆಯ ಚೀಟಿಗಳನ್ನು ಬೆರೆಸುತ್ತಿದ್ದರು. ಇಪ್ಪತ್ತೈದರ ಕಟ್ಟು ಕಟ್ಟಿ ಎಣಿಸುತ್ತಿದ್ದರು. ಹಾಗೆ ಬೆರೆಸಿದ ಮೇಲೆ ಯಾವ ಊರು ಯಾರಿಗೆ ಹಾಕಿತು ಅಂತ ನಿಖರವಾಗಿ ಗೊತ್ತಾಗುವ ದಾರಿ ಇರಲಿಲ್ಲ. ಮೆಷಿನ್ ಬಂದ ಮೇಲೆ ಬೂತ್ ಬೂತಿನ ಲೆಕ್ಕ ಕೈಗೆ ಬರುತ್ತದೆ. "ನಿಮ್ಮೂರಲ್ಲಿ ನಮಗೆ ನಲವತ್ತೇ ಓಟು" ಅಂತ ಮುಖಕ್ಕೆ ಹೇಳುವ ರಾಜಕಾರಣಿಯನ್ನು ನೀವೂ ನೋಡಿರಬಹುದು. ಹಳೆಯ ಕಾಲದ ಶಾಸಕ ಆ ಲೆಕ್ಕ ಇಲ್ಲದೆ ಎಲ್ಲ ಊರನ್ನೂ ತನ್ನದೇ ಅಂದುಕೊಂಡು ತಿರುಗಬೇಕಿತ್ತು. ಎಂಟು ಗೆಲುವಿನ ಗುಟ್ಟಿನಲ್ಲಿ ಇದಕ್ಕೂ ಒಂದು ಪಾಲು ಇದೆ ಅಂತ ನನ್ನ ಅನಿಸಿಕೆ.

ಸುಮ್ನೆ ಓದುವವಳು

ಮಾಸ್ತರೇ, ಇದು ನಿಜಕ್ಕೂ ಹೊಸ ವಿಷಯ. ನಮ್ಮಪ್ಪನೂ ಆ ಕಾಲದ ಡ್ಯೂಟಿ ಮಾಡಿದವರು, ಚೀಟಿ ಬೆರೆಸುವ ಮಾತು ಯಾವತ್ತೂ ಹೇಳಿರಲಿಲ್ಲ. ಇನ್ನೂ ಬರೆಯಿರಿ.

ನಿವೃತ್ತ ಮಾಸ್ತರ

ಬರೆಯುತ್ತೇನಮ್ಮ. ಖರ್ಗೆ ಹುಟ್ಟಿದ್ದು ಗುರುಮಠಕಲ್‌ನಲ್ಲಿ ಅಲ್ಲ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ವರವಟ್ಟಿ ಅವರ ಊರು. 1942ರಲ್ಲಿ ಜನನ. ಆಗ ನಿಜಾಮರ ಆಳ್ವಿಕೆ. 1948ರ ರಜಾಕಾರರ ಹಾವಳಿಯಲ್ಲಿ ಮನೆಗೆ ಬೆಂಕಿ ಬಿತ್ತು, ತಾಯಿ ಅದರಲ್ಲೇ ತೀರಿಕೊಂಡರು. ತಂದೆ ಮಗನನ್ನು ಕರೆದುಕೊಂಡು ಗುಲ್ಬರ್ಗಕ್ಕೆ ಬಂದರು. ನೂತನ ವಿದ್ಯಾಲಯದಲ್ಲಿ ಓದು, ಸರ್ಕಾರಿ ಕಾಲೇಜಿನಲ್ಲಿ ಬಿಎ, ಗುಲ್ಬರ್ಗದಲ್ಲೇ ಕಾನೂನು ಪದವಿ. ಆಮೇಲೆ ಎಂಎಸ್‌ಕೆ ಮಿಲ್ ಕಾರ್ಮಿಕರ ಸಂಘಕ್ಕೆ ಕಾನೂನು ಸಲಹೆಗಾರರು. 1969ರಲ್ಲಿ ಕಾಂಗ್ರೆಸ್ ಸೇರಿದರು, ಗುಲ್ಬರ್ಗ ನಗರ ಕಾಂಗ್ರೆಸ್ ಅಧ್ಯಕ್ಷರಾದರು. ಮೂರೇ ವರ್ಷಕ್ಕೆ ಗುರುಮಠಕಲ್ ಟಿಕೆಟ್. ಆಗ ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ.

ಅಂದರೆ ಊರಿಗೆ ಹೊರಗಿನವರು. ಹೊರಗಿನವರನ್ನು ಒಮ್ಮೆ ಗೆಲ್ಲಿಸುವುದು ದೊಡ್ಡದಲ್ಲ. ಎರಡನೇ ಸಲ ಗೆಲ್ಲಿಸುವುದು ದೊಡ್ಡದು. 1978ರಲ್ಲಿ ಆಕಳು-ಕರುವಿನ ಗುರುತು ಹೋಗಿ ಕೈ ಗುರುತು ಹೊಸದಾಗಿ ಬಂದಿತ್ತು. ತುರ್ತು ಪರಿಸ್ಥಿತಿ ಮುಗಿದು ಒಂದು ವರ್ಷ ಆಗಿತ್ತಷ್ಟೇ. ಆದರೂ ಗೆದ್ದರು.

ಗುಳೆ ಬಸ್

ಎಲ್ಲ ಓದಿದೆ. ಈಗ ನನ್ನದೂ ಕೇಳಿ. ನಾನು ಯಾದಗಿರಿ ಜಿಲ್ಲೆಯವನು. ನಮ್ಮ ಓಣಿಯಲ್ಲಿ ದೀಪಾವಳಿ ಮುಗಿದರೆ ಮನೆಗೆ ಬೀಗ. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು. ಸೆಂಟ್ರಿಂಗ್ ಕೆಲಸ, ಗಾರೆ ಕೆಲಸ. ಮಕ್ಕಳ ಶಾಲೆ ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ಗುಳೆ ಹೋಗುವುದು ನಮ್ಮಜ್ಜನ ಕಾಲದಿಂದ ಇದೆ, ಈಗಲೂ ಇದೆ.

ಕಂದಾಯ ಮಂತ್ರಿ, ಗ್ರಾಮೀಣಾಭಿವೃದ್ಧಿ ಮಂತ್ರಿ, ಗೃಹ ಮಂತ್ರಿ, ಜಲಸಂಪನ್ಮೂಲ ಮಂತ್ರಿ, ಎಲ್ಲ ಆದರು. ಗುರುಮಠಕಲ್ ತಾಲ್ಲೂಕು ಕೇಂದ್ರ ಆಗಿದ್ದು ಯಾವಾಗ? 2017ರ ಬಜೆಟ್‌ನಲ್ಲಿ ಹೊಸ ತಾಲ್ಲೂಕುಗಳ ಪಟ್ಟಿ ಬಂತಲ್ಲ, ಅದರಲ್ಲಿ. ಅಂದರೆ ಅವರು ಕ್ಷೇತ್ರ ಬಿಟ್ಟು ಹತ್ತಿರ ಹತ್ತಿರ ಹತ್ತು ವರ್ಷ ಆದ ಮೇಲೆ. ಎಂಟು ಸಲ ಗೆಲ್ಲಿಸಿದ ಊರಿನವರು ಒಂದು ಪಹಣಿ ಬೇಕಾದರೂ ಯಾದಗಿರಿಗೆ ಬಸ್ಸು ಹತ್ತುತ್ತಿದ್ದರು. ಇದಕ್ಕೆ ಏನು ಹೇಳುತ್ತೀರಿ ಮಾಸ್ತರೇ?

ಬಿಸಿಲೂರಿನವ

ಇದೇ ನಮ್ಮ ಕಾಕಾನ ಪಾರ್ಟಿ! ಅಕ್ಷರ ಅಕ್ಷರ ಇದನ್ನೇ ಹೇಳುತ್ತಾನೆ.

ನಿವೃತ್ತ ಮಾಸ್ತರ

ಗುಳೆ ಬಸ್ ತಮ್ಮಾ, ನಿನ್ನ ಸಿಟ್ಟು ಸುಳ್ಳಲ್ಲ. ಆ ಖಾಲಿ ಬೆಂಚುಗಳನ್ನು ನಾನೂ ನೋಡಿದ್ದೇನೆ. ಜೂನ್‌ನಲ್ಲಿ ಐವತ್ತು ಮಕ್ಕಳ ಹಾಜರಿ, ಜನವರಿಯಲ್ಲಿ ಇಪ್ಪತ್ತು.

ನಾನು ಹೇಳುವುದು ಒಂದೇ. ಅವರು ಮಾಡಿದ ಕೆಲಸ ಕಟ್ಟಡದ ಹಾಗೆ ಕಣ್ಣಿಗೆ ಬೀಳುವಂಥದ್ದಲ್ಲ. 1976ರಲ್ಲಿ ಪ್ರಾಥಮಿಕ ಶಿಕ್ಷಣದ ರಾಜ್ಯ ಸಚಿವರಾಗಿದ್ದಾಗ ಪರಿಶಿಷ್ಟ ಜಾತಿ, ಪಂಗಡದವರ ಬ್ಯಾಕ್‌ಲಾಗ್ ಶಿಕ್ಷಕ ಹುದ್ದೆ ಹದಿನಾರು ಸಾವಿರದಷ್ಟು ತುಂಬಿಸಿದರು. ಅದರಲ್ಲಿ ಕೆಲಸ ಸಿಕ್ಕವರು ನನ್ನ ಜೊತೆ ಸ್ಟಾಫ್ ರೂಮಿನಲ್ಲಿ ಕೂತಿದ್ದಾರೆ. ಒಬ್ಬ ಮಾಸ್ತರನಿಗೆ ಸಂಬಳ ಬಂದರೆ ಒಂದು ಮನೆತನವೇ ಮೇಲೆ ಬರುತ್ತದೆ. 1980ರಲ್ಲಿ ಗುಂಡೂರಾವ್ ಸರ್ಕಾರದಲ್ಲಿ ಕಂದಾಯ ಮಂತ್ರಿ ಆದರು. ಅರಸು ಕಾಲದ ಭೂಸುಧಾರಣೆಯ ಅರ್ಜಿಗಳು ಆಗ ರಾಶಿ ಬಿದ್ದಿದ್ದವು. ಏಳನೇ ನಂಬರ್ ಫಾರಂ ತುಂಬಿ ವರ್ಷಗಟ್ಟಲೆ ಕಾದವರಿದ್ದರು. ನಾನೂರಕ್ಕೂ ಹೆಚ್ಚು ಭೂ ನ್ಯಾಯಮಂಡಳಿ ಮಾಡಿ ಅರ್ಜಿಗಳಿಗೆ ವೇಗ ಕೊಟ್ಟರು. ಗೇಣಿ ಹೊಲ ಸ್ವಂತ ಆದವರ ಮನೆಯಲ್ಲಿ ಕೈ ಗುರುತಿಗೆ ಓಟು ಬಿದ್ದದ್ದು ಸುಮ್ನೆ ಅಲ್ಲ.

ಆದರೆ ತಾಲ್ಲೂಕಿನ ವಿಷಯದಲ್ಲಿ ನಿನಗೆ ಕೊಡಲು ನನ್ನ ಹತ್ತಿರ ಉತ್ತರ ಇಲ್ಲ.

ತೊಗರಿ ಕಣಜ

ಮಾಸ್ತರ ಮಾತಿಗೆ ಒಂದು ಸೇರಿಸುತ್ತೇನೆ, ವಿರೋಧಿ ಬಣದಲ್ಲಿದ್ದುಕೊಂಡೇ. ಆಕ್ಟ್ರಾಯ್ ಯಾರಿಗಾದರೂ ನೆನಪಿದೆಯಾ? ಊರ ಬಾಗಿಲಲ್ಲಿ ನಾಕಾ ಇರುತ್ತಿತ್ತು. ತೊಗರಿ ಚೀಲ ಹೇರಿಕೊಂಡು ಬಂದ ಎತ್ತಿನ ಗಾಡಿಯನ್ನೂ ನಿಲ್ಲಿಸಿ ಸುಂಕ ಕೇಳುತ್ತಿದ್ದರು. 1973ರಲ್ಲಿ ಅದನ್ನು ತೆಗೆಯುವ ಬಗ್ಗೆ ನೋಡಲು ಒಂದು ಸಮಿತಿ ಆಯಿತು. ಅಧ್ಯಕ್ಷರು ಇವರೇ. ಮೊದಲ ಸಲ ಗೆದ್ದ ಶಾಸಕನಿಗೆ ಅಷ್ಟು ದೊಡ್ಡ ಸಮಿತಿ. ಅದರ ವರದಿ ಮೇಲೆ ಅರಸು ಸರ್ಕಾರ ಆಕ್ಟ್ರಾಯ್ ತೆಗೆಯಿತು. ನಮ್ಮ ಅಡತಿ ಅಂಗಡಿಯವರು ಇವರನ್ನು ಬೈದರೂ ಈ ಒಂದು ವಿಷಯಕ್ಕೆ ಬೈಯುವುದಿಲ್ಲ.

ಕಾವೇರಿ ದಂಡೆ

ನಮ್ಮ ಕಡೆ ಖರ್ಗೆ ಹೆಸರು ಮನೆಮನೆಗೆ ಗೊತ್ತಾಗಿದ್ದು 2000ದಲ್ಲಿ. ಜುಲೈ 30ರ ರಾತ್ರಿ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಗಾಜನೂರಿನಿಂದ ಹೊತ್ತೊಯ್ದ. 108 ದಿನ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ, ಖರ್ಗೆ ಗೃಹ ಮಂತ್ರಿ. ದಿನಾ ರೇಡಿಯೋ ಮುಂದೆ ಕೂರುತ್ತಿದ್ದೆವು. ಆ 108 ದಿನ ಗೃಹ ಮಂತ್ರಿ ಕುರ್ಚಿಯಲ್ಲಿ ಕೂರುವುದು ಶತ್ರುವಿಗೂ ಬೇಡ.

ನನಗೆ ಅರ್ಥ ಆಗದ್ದು ಬೇರೆ. ಇಷ್ಟು ಸಲ ಗೆದ್ದವರು ಮುಖ್ಯಮಂತ್ರಿ ಯಾಕೆ ಆಗಲಿಲ್ಲ?

ಅಂಕಿ ಹುಚ್ಚ

ಸರ್, ಮೂರು ಸಲ ಬಾಗಿಲವರೆಗೆ ಬಂದು ಹೋಯಿತು ಅನ್ನಬಹುದು.

1996ರಿಂದ 1999ರವರೆಗೆ ಅವರು ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರು. 1999ರ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ 132 ಸೀಟು ಬಂತು. ಸಾಮಾನ್ಯವಾಗಿ ವಿರೋಧ ಪಕ್ಷದ ನಾಯಕರೇ ಮುಖ್ಯಮಂತ್ರಿ ಆಗುತ್ತಾರೆ. ಆದರೆ ಚುನಾವಣೆಗೆ ಕೆಲವೇ ತಿಂಗಳ ಹಿಂದೆ ಕೆಪಿಸಿಸಿ ಅಧ್ಯಕ್ಷರಾಗಿ ಬಂದ ಕೃಷ್ಣ ಅವರಿಗೆ ಕುರ್ಚಿ ಸಿಕ್ಕಿತು. 2025ರ ಜುಲೈನಲ್ಲಿ ವಿಜಯಪುರದ ಒಂದು ಕಾರ್ಯಕ್ರಮದಲ್ಲಿ ಖರ್ಗೆಯವರೇ ಇದನ್ನು ಎತ್ತಿದರು. ತಾವು ಪಟ್ಟ ಶ್ರಮ ನೀರಲ್ಲಿ ಹೋಯಿತು ಅನ್ನುವ ಅರ್ಥದಲ್ಲಿ ಮಾತಾಡಿದರು. ಇಪ್ಪತ್ತಾರು ವರ್ಷದ ನಂತರ!

2004ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಮೈತ್ರಿ ಆಯಿತು, ಧರಂ ಸಿಂಗ್ ಮುಖ್ಯಮಂತ್ರಿ. ಅಂದರೆ ಗೆಳೆಯನ ಮಂತ್ರಿಮಂಡಲದಲ್ಲಿ ಇವರು ಮಂತ್ರಿ. 2013ರಲ್ಲಿ ಕಾಂಗ್ರೆಸ್‌ಗೆ 122 ಬಂದಾಗ ಇವರು ದೆಹಲಿಯಲ್ಲಿ ಕೇಂದ್ರ ಕಾರ್ಮಿಕ ಮಂತ್ರಿ. ಇಲ್ಲಿ ಸಿದ್ದರಾಮಯ್ಯ ಆದರು.

ಗುಳೆ ಬಸ್

ಕಲ್ಯಾಣ ಕರ್ನಾಟಕದವರಿಗೆ ಕುರ್ಚಿ ಕೊಡುವಾಗ ಬೆಂಗಳೂರಿಗೆ ಕೈ ನಡುಗುತ್ತದೆ. ಈ ಒಂದು ವಿಷಯದಲ್ಲಿ ನಾನು ಖರ್ಗೆ ಪರ.

ಕಾವೇರಿ ದಂಡೆ

ಅಯ್ಯೋ, ವೀರೇಂದ್ರ ಪಾಟೀಲರು ನಿಮ್ಮ ಕಡೆಯವರೇ ಅಲ್ವಾ? ಎರಡು ಸಲ ಆದರು. ಧರಂ ಸಿಂಗ್ ಆದರು.

ಗುಳೆ ಬಸ್

ಆದರು. ಎಷ್ಟು ದಿನ ಇರಲು ಬಿಟ್ಟರು ಅಂತ ನೀವೇ ಲೆಕ್ಕ ಹಾಕಿ ಸರ್.

ಸೊಲ್ಲಾಪುರ ಕನ್ನಡಿಗ

ಗಡಿ ಆಚೆಯಿಂದ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಸಾಂಗೋಲಾ ಅಂತ ಕ್ಷೇತ್ರ ಇದೆ. ಅಲ್ಲಿ ಗಣಪತರಾವ್ ದೇಶಮುಖ್ ಹನ್ನೊಂದು ಸಲ ಶಾಸಕರಾಗಿದ್ದರು. ಶೇತಕರಿ ಕಾಮಗಾರ ಪಕ್ಷ, ಅಂದರೆ ರಾಜ್ಯದಲ್ಲಿ ಅಧಿಕಾರ ಹಿಡಿಯುವ ಪಕ್ಷವೇ ಅಲ್ಲ. ಮೊದಲ ಗೆಲುವು 1962. ನಡುವೆ ಎರಡು ಸಲ ಸೋತರು. 1995ರಲ್ಲಂತೂ ಇನ್ನೂರಕ್ಕಿಂತ ಕಡಿಮೆ ಮತದಿಂದ. ಮತ್ತೆ ಅದೇ ಜನ ಗೆಲ್ಲಿಸಿದರು. ಸರ್ಕಾರಿ ಕೆಂಪು ಬಸ್ಸಿನಲ್ಲಿ ಓಡಾಡುತ್ತಿದ್ದ ಮನುಷ್ಯ. ಬರದ ಸೀಮೆ, ನೀರಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ನನಗೆ ಅನ್ನಿಸುವುದು, ಸೋಲೇ ಇಲ್ಲದ್ದಕ್ಕಿಂತ ಸೋತು ವಾಪಸ್ ಬಂದದ್ದು ಗಟ್ಟಿ ದಾಖಲೆ. ಜನ ಒಮ್ಮೆ ಬೇಡ ಅಂದು, ಮತ್ತೆ ಯೋಚನೆ ಮಾಡಿ ಬೇಕು ಅಂದರು ಅಂತ ಅರ್ಥ.

ತೊಗರಿ ಕಣಜ

ಈ ಮಾತು ಚೆನ್ನಾಗಿದೆ. ಒಪ್ಪಿದೆ.

ಸುಮ್ನೆ ಓದುವವಳು

ಒಂದು ದಡ್ಡ ಪ್ರಶ್ನೆ. ಎಂಟು ಸಲ ಗೆದ್ದ ಕ್ಷೇತ್ರ ಬಿಟ್ಟು 2008ರಲ್ಲಿ ಚಿತ್ತಾಪುರಕ್ಕೆ ಯಾಕೆ ಹೋದರು? ಸೋಲುವ ಭಯವಾ?

ಅಂಕಿ ಹುಚ್ಚ

ದಡ್ಡ ಪ್ರಶ್ನೆ ಅಲ್ಲ ಅಕ್ಕಾ, ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಅದು ಕ್ಷೇತ್ರ ಪುನರ್ವಿಂಗಡಣೆಯ ಆಟ. ಗಡಿಗಳು ಬದಲಾದವು, ಮೀಸಲಾತಿಯೂ ಬದಲಾಯಿತು. ಗುರುಮಠಕಲ್ ಸಾಮಾನ್ಯ ಕ್ಷೇತ್ರ ಆಯಿತು, ಚಿತ್ತಾಪುರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಖರ್ಗೆ ಇಲ್ಲಿಂದ ಅಲ್ಲಿಗೆ ಹೋದರು. ಅತ್ತ ಚಿತ್ತಾಪುರದ ಶಾಸಕರಾಗಿದ್ದ ಬಾಬುರಾವ ಚಿಂಚನಸೂರ ಅಲ್ಲಿಂದ ಇಲ್ಲಿಗೆ ಬಂದರು, 2008 ಮತ್ತು 2013ರಲ್ಲಿ ಗುರುಮಠಕಲ್ ಗೆದ್ದರು. ಮನೆ ಅದಲು ಬದಲು ಮಾಡಿಕೊಂಡ ಹಾಗೆ.

ಸಾಮಾನ್ಯ ಕ್ಷೇತ್ರದಲ್ಲೂ ದಲಿತರು ನಿಲ್ಲಬಹುದು, ಕಾನೂನು ಬೇಡ ಅನ್ನುವುದಿಲ್ಲ. ಆದರೆ ಎಷ್ಟು ಪಕ್ಷಗಳು ಹಾಗೆ ಟಿಕೆಟ್ ಕೊಡುತ್ತವೆ?

ಬಿಸಿಲೂರಿನವ

ಇದು ನನ್ನನ್ನು ಯಾವಾಗಲೂ ಕಾಡುವ ವಿಷಯ. ಎಂಟು ಸಲ ಎಲ್ಲ ಜಾತಿಯವರೂ ಓಟು ಹಾಕಿದರು ಅಂತ ನಾನೇ ಮೇಲೆ ಬರೆದೆ. ಹಾಗಿದ್ದರೆ ಮೀಸಲಾತಿ ಹೋದ ಮೇಲೂ ಅಲ್ಲೇ ನಿಂತಿದ್ದರೆ? ಒಂಬತ್ತನೇ ಸಲವೂ ಹಾಕುತ್ತಿದ್ದರಾ? ಅಜ್ಜಿ "ಹಾಕುತ್ತಿದ್ದೆವು" ಅನ್ನುತ್ತಾಳೆ. ಕಾಕಾ ನಗುತ್ತಾನೆ.

ತೊಗರಿ ಕಣಜ

ನಾನೂ ನಗುತ್ತೇನೆ ತಮ್ಮಾ. ಆದರೆ ಅದು ಖರ್ಗೆ ಮೇಲಿನ ನಗು ಅಲ್ಲ. ನಮ್ಮ ಮೇಲಿನದು.

ಶಹಾಬಾದಿ ಫರಸಿ

ತಡವಾಗಿ ಬಂದೆ. ಇಲ್ಲಿವರೆಗೆ ಯಾರೂ 371 ಜೆ, ಅಂದರೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ ವಿಧಿ, ಅದನ್ನು ಎತ್ತಿಲ್ಲ, ಆಶ್ಚರ್ಯ. ನನ್ನ ತಂಗಿಗೆ ಮೆಡಿಕಲ್ ಸೀಟು ಸಿಕ್ಕಿದ್ದು ಅದರಿಂದ. ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮ್ಮವರಿಗೆ, ಉಳಿದ ರಾಜ್ಯದಲ್ಲಿ 8. ಕೆಲಸದಲ್ಲೂ ಸಿ ದರ್ಜೆಗೆ ನೂರಕ್ಕೆ 80, ಡಿ ದರ್ಜೆಗೆ 85. ಸಂವಿಧಾನದ 98ನೇ ತಿದ್ದುಪಡಿ, 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿತು. ಆಗ ಖರ್ಗೆ ಕೇಂದ್ರ ಮಂತ್ರಿ, ಧರಂ ಸಿಂಗ್ ಬೀದರ್ ಸಂಸದರು. ಕಲಬುರಗಿಯ ಇಎಸ್‌ಐ ಆಸ್ಪತ್ರೆ, ಮೆಡಿಕಲ್ ಕಾಲೇಜು ನೋಡಿದವರು ಬಾಯಿ ಮೇಲೆ ಬೆರಳಿಡುತ್ತಾರೆ, ಅಷ್ಟು ದೊಡ್ಡದು. ಅದೂ ಅವರು ಕಾರ್ಮಿಕ ಮಂತ್ರಿ ಆಗಿದ್ದಾಗ ತಂದದ್ದು.

ತೊಗರಿ ಕಣಜ

371 ಜೆ ಅಂದರೆ ಮೊದಲು ವೈಜನಾಥ ಪಾಟೀಲರ ಹೆಸರು ಹೇಳಿ. ಚಿಂಚೋಳಿಯ ಆ ಮನುಷ್ಯ ವರ್ಷಗಟ್ಟಲೆ ಬೀದಿಯಲ್ಲಿ ಹೋರಾಡಿದರು. ದೆಹಲಿಯಲ್ಲಿ ಮುದ್ರೆ ಹಾಕಿಸಿದವರ ಹೆಸರು ಉಳಿಯುತ್ತದೆ, ಧರಣಿ ಕೂತವರ ಹೆಸರು ಮರೆಯುತ್ತದೆ.

ಶಹಾಬಾದಿ ಫರಸಿ

ಅದು ಸತ್ಯ. ಸೇರಿಸಿಕೊಳ್ಳಿ. ಇಬ್ಬರೂ ಬೇಕಿತ್ತು.

ಗುಳೆ ಬಸ್

ಗಮನಿಸಿದಿರಾ? ನೀವೆಲ್ಲ ಹೇಳಿದ ದೊಡ್ಡ ಕೆಲಸ ಆಗಿದ್ದು ಅವರು ಎಂಪಿ ಆದ ಮೇಲೆ. ಐದು ವರ್ಷದಲ್ಲಿ ಅಲ್ಲಿ ಆಗಿದ್ದು, ಮೂವತ್ತಾರು ವರ್ಷದಲ್ಲಿ ಇಲ್ಲಿ ಯಾಕೆ ಆಗಲಿಲ್ಲ?

ನಿವೃತ್ತ ಮಾಸ್ತರ

ಇದು ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಹೀಗಿದೆ. ಆ ಎಂಟು ಅವಧಿಯಲ್ಲಿ 1983ರಿಂದ 1989, ಮತ್ತೆ 1994ರಿಂದ 1999, ಕೊನೆಗೆ 2006-07, ಅಂದರೆ ಹನ್ನೆರಡು ಹದಿಮೂರು ವರ್ಷದಷ್ಟು ಅವರ ಪಕ್ಷ ವಿರೋಧದಲ್ಲಿತ್ತು. ಮಂತ್ರಿ ಆಗಿದ್ದಾಗಲೂ ಖಾತೆ ಇಡೀ ರಾಜ್ಯದ್ದು, ಹಣದ ಕೀಲಿಕೈ ಬೇರೆಯವರ ಹತ್ತಿರ. ಇದು ಸಮಜಾಯಿಷಿ ಅಂತ ನೀನು ಅನ್ನಬಹುದು. ಅನ್ನು.

ಮತ್ತೊಂದು ಇದೆ. ಪ್ರತಿ ಸಲ ಗೆಲ್ಲುತ್ತೇನೆ ಅಂತ ಗೊತ್ತಿರುವವನಿಗೆ ಅವಸರ ಇರುವುದಿಲ್ಲ. ಒಳ್ಳೆಯವರಿಗೂ ಇರುವುದಿಲ್ಲ. ಇದನ್ನು ನಾನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ, ಇಲ್ಲಿ ಹೆಸರು ಕಾಣುವುದಿಲ್ಲ ಅಂತ ಬರೆದೆ.

ಕಾವೇರಿ ದಂಡೆ

2019 ಹೇಗಾಯಿತು, ಅದನ್ನೂ ಹೇಳಿಬಿಡಿ. ಟಿವಿಯಲ್ಲಿ ನೋಡಿ ನಮಗೇ ನಂಬಿಕೆ ಬರಲಿಲ್ಲ.

ಅಂಕಿ ಹುಚ್ಚ

95,452 ಮತಗಳ ಸೋಲು. ಗೆದ್ದವರು ಉಮೇಶ್ ಜಾಧವ್. ಚಿಂಚೋಳಿಯ ಕಾಂಗ್ರೆಸ್ ಶಾಸಕರಾಗಿದ್ದವರು, ಚುನಾವಣೆಗೆ ಮುಂಚೆ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. ತಮಾಷೆ ಅಂದರೆ ಚಿಂಚೋಳಿ ಗುಲ್ಬರ್ಗ ಲೋಕಸಭೆಗೆ ಸೇರಿಲ್ಲ, ಬೀದರ್‌ಗೆ ಸೇರಿದೆ. ಹೊರಗಿನ ಕ್ಷೇತ್ರದಿಂದ ಬಂದು ಗೆದ್ದರು. 1972ರಲ್ಲಿ ಇನ್ನೊಬ್ಬರು ಹಾಗೇ ಹೊರಗಿನಿಂದ ಬಂದಿದ್ದರು ಅಂತ ಮಾಸ್ತರು ಮೇಲೆ ಬರೆದಿದ್ದಾರೆ.

ಮೋದಿ ಅಲೆ ಇತ್ತು, ಸರಿ. ಆದರೆ 2014ರಲ್ಲೂ ಇತ್ತು, ಆಗ ಎಪ್ಪತ್ತು ಸಾವಿರಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದಿದ್ದರು. ನಡುವೆ ಆಗಿದ್ದು ಏನು ಅಂದರೆ ಸುತ್ತಲಿನವರು ಒಬ್ಬೊಬ್ಬರಾಗಿ ಎದ್ದು ಹೋದರು. ಅಫಜಲಪುರದ ಮಾಲೀಕಯ್ಯ ಗುತ್ತೇದಾರ, ಗುರುಮಠಕಲ್‌ನ ಚಿಂಚನಸೂರ, ಕೊನೆಗೆ ಜಾಧವ್. ಎಲ್ಲರೂ ಒಂದು ಕಾಲಕ್ಕೆ ಇದೇ ಪಕ್ಷದವರು. 2024ರಲ್ಲಿ ಖರ್ಗೆಯವರ ಅಳಿಯ ರಾಧಾಕೃಷ್ಣ ದೊಡ್ಡಮನಿ ಅದೇ ಜಾಧವ್ ಅವರನ್ನು 27,205 ಮತಗಳಿಂದ ಸೋಲಿಸಿದರು.

ತೊಗರಿ ಕಣಜ

ಅಳಿಯ, ಮಗ. ಚಿತ್ತಾಪುರ ಮಗನಿಗೆ, ಕಲಬುರಗಿ ಅಳಿಯನಿಗೆ. ಅದನ್ನೂ ಬರೆಯಿರಿ ಸ್ವಾಮಿ. ಆ ಭಾಗದಲ್ಲಿ ಬೇರೆ ದಲಿತ ಹುಡುಗರಿಲ್ಲವೇ?

ಶಹಾಬಾದಿ ಫರಸಿ

ಮಗನಿಗೆ ತಟ್ಟೆಯಲ್ಲಿಟ್ಟು ಕೊಟ್ಟಂತೆ ಏನೂ ಸಿಗಲಿಲ್ಲ. ಅಪ್ಪ ಲೋಕಸಭೆಗೆ ಹೋದ ಮೇಲೆ 2009ರ ಉಪಚುನಾವಣೆಯಲ್ಲಿ ಪ್ರಿಯಾಂಕ್ ಖರ್ಗೆ ಸೋತರು. ಬಿಜೆಪಿಯ ವಾಲ್ಮೀಕಿ ನಾಯಕ ಗೆದ್ದರು. ಆಮೇಲೆ 2013, 2018, 2023 ಗೆದ್ದದ್ದು. ಸೊಲ್ಲಾಪುರದ ಅಣ್ಣ ಹೇಳಿದ ಲೆಕ್ಕದಲ್ಲಿ ಅದು ಗಟ್ಟಿ ದಾಖಲೆ ಅಲ್ವಾ?

ತೊಗರಿ ಕಣಜ

ಟಿಕೆಟ್ ತಟ್ಟೆಯಲ್ಲೇ ಸಿಕ್ಕಿತಲ್ಲ. ನಾನು ಹೇಳಿದ್ದು ಟಿಕೆಟ್ ಬಗ್ಗೆ.

ಬಿಸಿಲೂರಿನವ

ಎಲ್ಲರಿಗೂ ಧನ್ಯವಾದ. ಇಷ್ಟು ಬೆಳೆಯುತ್ತದೆ ಅಂದುಕೊಂಡಿರಲಿಲ್ಲ. ಈ ಚರ್ಚೆ ಪೂರ್ತಿ ನಿನ್ನೆ ರಾತ್ರಿ ಫೋನಿನಲ್ಲಿ ಕಾಕಾನಿಗೆ ಓದಿ ಹೇಳಿದೆ. ಗುಳೆ ಬಸ್ ಬರೆದದ್ದಕ್ಕೆಲ್ಲ "ಹೌದು, ಹೌದು" ಅಂದ. ಗುರುಮಠಕಲ್ ಗುಲ್ಬರ್ಗ ಲೋಕಸಭೆಗೇ ಸೇರಿರುವುದರಿಂದ ಅವನು 2019ರಲ್ಲೂ ಅವರಿಗೆ ಓಟು ಹಾಕಬಹುದಿತ್ತು, ಬಿಡಬಹುದಿತ್ತು. "ಆ ಸಲ ಯಾರಿಗೆ ಹಾಕಿದೆ ಕಾಕಾ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಅವರು ಸೋಲುತ್ತಾರೆ ಅಂತ ಯಾರಿಗೆ ಗೊತ್ತಿತ್ತು?" ಅಂದ.

ಪಕ್ಕದಲ್ಲಿ ಅಜ್ಜಿ ಏನೋ ಬೈಯುತ್ತಿದ್ದಳು. ಸರಿಯಾಗಿ ಕೇಳಿಸಲಿಲ್ಲ.